ಹಾಜರಿ

ಬೆಳಿಗ್ಗೆ ಹನ್ನೊಂದರೊಳಗೆ ಒಂದು ಫೋಟೊ,
ಮಧ್ಯಾಹ್ನ ಎರಡರ ಮೇಲೆ ಇನ್ನೊಂದು.
ನಡುವೆ ಎಷ್ಟು ಮಣ್ಣು ಎತ್ತಿದಿರಿ ಎಂದು
ಆ್ಯಪ್ ಕೇಳುವುದಿಲ್ಲ.
ಮುಖ ಕೇಳುತ್ತದೆ.

ನಾನು ಕಾಯಕ ಬಂಧು.
ಹಾಗಂದರೆ, ಗುದ್ದಲಿ ಹಿಡಿಯುವವರ ಪೈಕಿ
ಎಸ್ಸೆಸ್ಸೆಲ್ಸಿ ಪಾಸಾದವಳು,
ಗಾಜು ಬಿರುಕುಬಿಟ್ಟ ಫೋನಿನ ಒಡತಿ.
ಹದಿನೇಳು ಜನರ ಕೂಲಿ
ನನ್ನ ಹೆಬ್ಬೆರಳಿನ ತುದಿಯಲ್ಲಿ.

"ಸಾಲಾಗಿ ನಿಲ್ಲಿ. ತಲೆ ಮೇಲಿನ ಸೆರಗು ತೆಗೀರಿ.
ಕೆರಿಯಪ್ಪಣ್ಣ, ಟೋಪಿ."
ಒತ್ತಿದೆ. ಗಾಲಿಯೊಂದು ಸುತ್ತತೊಡಗಿತು
ಹೆರಿಗೆ ಕೋಣೆಯ ಹೊರಗಿನ ಗಂಡಸಿನ ಹಾಗೆ.
ಒಳಗಿಂದ ಸುದ್ದಿಯಿಲ್ಲ.

ಹೊಳಿಯಮ್ಮ ದಿನಾ ಕೇಳುತ್ತಾಳೆ:
"ನಾ ಹೋದ್ನನೇ, ಹೆಣ್ಣೇ?"
ಎಪ್ಪತ್ತರ ಹತ್ತಿರದವಳ ಬಾಯಲ್ಲಿ ಆ ಮಾತು ಕೇಳಿ
ಮೊದಮೊದಲು ಎದೆ ಧಸಕ್ಕೆನ್ನುತ್ತಿತ್ತು.
ಈಗ ನಾನೂ ಹೇಳುತ್ತೇನೆ:
"ಇಲ್ಲ, ತಡಿ. ಅರ್ಧ ಹೋಗಿದೀಯ."

ಕೆಲಸ ಇದ್ದದ್ದು ಚೌಡಿ ಬನದ ತಗ್ಗಿನಲ್ಲಿ,
ಮೂರು ಕಡೆಯ ನೀರು ಇಳಿದು ಕೂಡುವ ಜಾಗ.
ಅಜ್ಜಂದಿರು ತೋರಿಸಿದ್ದು,
ಹೊಸನಗರದಿಂದ ಬಂದ ಎಂಜಿನಿಯರ್ ಒಪ್ಪಿದ್ದು.
ನೀರಿಗೆ ಆ ತಗ್ಗು ಗೊತ್ತು.
ಸಿಗ್ನಲ್ಲಿಗೆ ಗೊತ್ತಿಲ್ಲ.

ಆ ವಾರ ನಾಲ್ಕು ದಿನ ನಾವು ಹೋಗಲಿಲ್ಲ.
ಹದಿನೇಳು ಜನ, ನಾಲ್ಕು ದಿನ,
ಅಂಗಿಯಲ್ಲಿ ಬೆವರಿನ ಉಪ್ಪು, ಕಂಪ್ಯೂಟರಿನಲ್ಲಿ ಗೈರು.
ನೋಟ್‌ಬುಕ್ ಒಯ್ದು ತೋರಿಸಿದೆ,
ಹೆಸರು, ತಾರೀಕು, ಹೆಬ್ಬೆಟ್ಟಿನ ನೀಲಿ.
ಪಂಚಾಯಿತಿಯ ಹುಡುಗ ಅದನ್ನು
ಯಾರದೋ ಮದುವೆ ಆಲ್ಬಮ್ಮಿನಂತೆ ಮಗುಚಿ
ಮರಳಿ ಕೊಟ್ಟ:
"ಅಕ್ಕಾ, ಇದನ್ನ ಸಿಸ್ಟಂ ತಗಳಲ್ಲ."

ಗುಂಡಿ ಇದೆಯಲ್ಲ ತಮ್ಮಾ, ನಾಲ್ಕಡಿ ಆಳ,
ಅದು ತನ್ನಷ್ಟಕ್ಕೆ ಆಯಿತೇ?
ನಕ್ಕ. ಕೆಟ್ಟವನಲ್ಲ.
ಅವನ ಫೋನಿನಲ್ಲೂ ಒಂದೇ ಕಡ್ಡಿ.

ಸಂಜೆ ಕೆರಿಯಪ್ಪ ಕವಳ ಉಗಿದು ಹೇಳಿದ:
"ಸಿಗ್ನಲ್ ಇಳಿದು ಬರಲ್ಲ ಅಂದ್ರೆ
ಕೆರೇನೇ ಗುಡ್ಡ ಹತ್ತಿಸಾನ."

ನಗಬೇಡಿ. ಅರ್ಜಿ ಬರೆದವಳು ನಾನೇ.
'ಕಾಮಗಾರಿ ಸ್ಥಳ ಬದಲಾವಣೆ ಕುರಿತು.'
ರಸ್ತೆಗೆ ಹನ್ನೆರಡು ವರ್ಷ ಕಾದ ಊರಿಗೆ
ಹತ್ತೇ ದಿನದಲ್ಲಿ ಮಂಜೂರು.

ಬೋಳುಗುಡ್ಡದ ನೆತ್ತಿ, ಜಂಬಿಟ್ಟಿಗೆಯ ಹಾಸು,
ಗುದ್ದಲಿ ಬಿದ್ದರೆ ಕಿಡಿ.
ಅಂಗೈ ತುಂಬ ಬೊಕ್ಕೆ, ಫೋನಿನ ತುಂಬ ಕಡ್ಡಿ.
ಒತ್ತಿದ್ದೇ ತಡ, ಹಾರಿತು ಫೋಟೊ.
"ಹೋದ್ನಾ?"
"ಹೋದೆ, ಹೊಳಿಯಮ್ಮ."
ಅವಳು ಹಣೆಗೆ ಕೈಯಡ್ಡ ಹಿಡಿದು ಆಕಾಶ ನೋಡಿದಳು,
ತನ್ನ ಮುಖ ಯಾವ ದಾರಿ ಹಿಡಿಯಿತೋ ಎಂದು.

ದಾಖಲೆಯಲ್ಲಿ ಅದು ಕೆರೆ. ಹಳದಿ ಬೋರ್ಡೂ ಇದೆ.
ಮಳೆಗಾಲದಲ್ಲಿ ನೀರು ಅತ್ತ ಸುಳಿಯಲಿಲ್ಲ;
ಬನದ ತಗ್ಗಿನ ಅರ್ಧ ತೋಡಿದ ಗುಂಡಿಗೇ ಹೋಗಿ ಕೂತಿತು,
ಕರೆಯದಿದ್ದರೂ ತವರಿಗೆ ಹೋಗುವವಳ ಹಾಗೆ.

ಬೇಸಗೆಯ ಸಂಜೆ ಬಂದು ನೋಡಿ,
ಒಣಕೆರೆಯ ಮೆಟ್ಟಿಲ ತುಂಬ ಜನ.
ಕೊಡ ತರುವಂತೆ ಫೋನು ತರುತ್ತಾರೆ.
ಕನ್ನಪ್ಪನ ಮಗಳು ಜೀವಕೋಶದ ಪಾಠ ಕೇಳುತ್ತಾಳೆ,
ಬಂಗಾರಿ ಗ್ಯಾಸಿನ ಒಟಿಪಿಗೆ ಕಾಯುತ್ತಾಳೆ,
ಯಾರೋ ಅಣ್ಣನೊಂದಿಗೆ ಜಾಗದ ಜಗಳ
ಮುಖ ನೋಡಿಕೊಂಡೇ ಆಡುತ್ತಾರೆ.
ಸೊಸೈಟಿಯವನು ತಿಂಗಳಿಗೆ ಎರಡು ದಿನ
ಅಕ್ಕಿ ಮೂಟೆ, ಬೆರಳೊತ್ತುವ ಯಂತ್ರ ಹೊರಿಸಿಕೊಂಡು
ಇಲ್ಲಿಗೇ ಹತ್ತಿ ಬರುತ್ತಾನೆ.
ಅಕ್ಕಿ ಮತ್ತೆ ಇಳಿಯುತ್ತದೆ, ತಲೆಯ ಮೇಲೆ.

ಹೊಳಿಯಮ್ಮನ ಬಳಿ ಫೋನಿಲ್ಲ.
ಆದರೂ ಬರುತ್ತಾಳೆ. ಕೆರೆಯ ತಳದಲ್ಲಿ ಕೂತು
ಬರಿಗಾಳಿಯಲ್ಲಿ ಕೈಯಾಡಿಸುತ್ತಾಳೆ.
"ತುಂಬೈತಿ ಅಂತೀರಲ್ಲೇ," ಕೇಳಿದಳು ನಿನ್ನೆ,
"ಎಷ್ಟು ಆಳ ಐತಿ?"

ಸುಮ್ಮನೆ ಅಂದೆ, ಸೊಂಟದ ಮಟ.

ಎದ್ದು ಹೊರಡುವಾಗ ಅವಳು
ಸೀರೆಯನ್ನು ತುಸು ಎತ್ತಿ ಹಿಡಿದಳು.