ದುಗ೯ಮ್ಮ

ಲಿಂಗಸೂಗೂರಲ್ಲಿ ಹಟ್ಟಿ ಬಸ್ಸು ನಿಲ್ಲುವ ಮೂಲೆಗೆ
ನನ್ನ ಅಂಗಡಿ: ಒಂದು ಕಂಪ್ಯೂಟರು, ಅರ್ಧ ಫ್ಯಾನು.
ಪುರಸಭೆಯ ಪಟ್ಟಿ ವೆಬ್‌ಸೈಟಿಗೆ ಏರಿಸುವ ಗುತ್ತಿಗೆ.
ಹಳೇ ಫಾಂಟು ಕಳಚಿದರೆ ಊರಿಗೆ ಊರೇ
ಕೊಂಬು ಮೂಡಿದ ಪರದೇಶಿ ಅಕ್ಷರ,
ನಡುನಡುವೆ ಖಾಲಿ ಚೌಕ, ಬಾಗಿಲಿಲ್ಲದ ಮನೆ.

ಪರಿವರ್ತಕ ಓಡಿಸಿದೆ. ಮುಕ್ಕಾಲು ಊರು ವಾಪಸು ಬಂತು.
ಬರದವರಲ್ಲಿ ಈಕೆ, ವಾರ್ಡು ಹನ್ನೊಂದು.
ಎದುರಿಗೇ ಕೂತಿದ್ದಾಳೆ, ಹುಡುಕಿದರೆ ಇಲ್ಲ.

ಮೊಮ್ಮಗಳು ಪರದೆಗೆ ಬೆರಳಿಟ್ಟು ತೋರಿಸಿದಳು.
"ನನ್ನ ಹೆಸರಾಗ ಒಂಬತ್ತು ಯಾಕ ಕುಂತೈತಿ?
ನಾ ಹಡದಿದ್ದು ಐದು, ಉಳದಿದ್ದು ಮೂರು."

ಹೇಗೆ ಹೇಳಲಿ,
ಅರ್ಕಾವೊತ್ತು ಕೈಗೆ ಸಿಗದೆ ಯಾರೋ
ಅದರಂತೆ ಕಂಡ ಅಂಕಿ ಒತ್ತಿ ಮುಂದೆ ಹೋದರು.
ಕಣ್ಣು ನಂಬಿತು. ಯಂತ್ರ ಎಣಿಸಿತು.
ಆ ಯಾರೋ ನಾನೇ. ಆಗ ಹದಿನೆಂಟು, ಪುಟಕ್ಕೆ ನಾಲ್ಕು ರೂಪಾಯಿ.

ಒಂಬತ್ತು ಅಳಿಸಿದೆ. ದು ಆದ ಮೇಲೆ ರ,
ಅದಕ್ಕೊಂದು ಹಲಂತ, ಆಮೇಲೆ ಗ.
ರ ತಾನಾಗಿ ಹಾರಿ ಗ-ದ ಬೆನ್ನಿಗೆ ಕೂತಿತು.
"ಏನ್ ಬದ್ಲಾತು? ಹಂಗೇ ಐತಲ್ಲ" ಅಂದಳು.

ಹುಡುಕಿದೆ. ದುರ್ಗಮ್ಮ ಸಿಕ್ಕಳು.

ಪಟ್ಟಿಯಲ್ಲಿ ಇನ್ನೂ ನಾನೂರ ಹನ್ನೆರಡು ಒಂಬತ್ತು.
ಎಲ್ಲವನ್ನೂ ಒಮ್ಮೆಗೇ ಅಳಿಸುವಂತಿಲ್ಲ;
ಕೆಲವು ನಿಜಕ್ಕೂ
ಯಾರದೋ ವಯಸ್ಸು, ಮನೆ ನಂಬರು.