ಮೂವತ್ತೇಳರ ಹತ್ತಿರ

ಹಕೊದಾತೆ. ಜನವರಿ. ಟ್ರಾಮ್ ನಿಲ್ದಾಣದೆದುರು ನನ್ನ ಅಂಗಡಿ.
ಹಳೇ ಕ್ಯಾಮೆರಾ ಕೊಳ್ಳುತ್ತೇನೆ, ಮಾರುತ್ತೇನೆ,
ಗಾಜಿನೊಳಗೆ ಬೂಷ್ಟು ಹಿಡಿದಿದ್ದರೆ
ಹಿಡಿದಿದೆ ಎಂದೇ ಹೇಳುತ್ತೇನೆ.
ಅದಕ್ಕೇ ಮಾಡು ಇನ್ನೂ ಸೋರುತ್ತದೆ.

ಬಂದವರು ತಕಿಗುಚಿ, ಟ್ರಾಮ್ ಓಡಿಸುವವರು.
ಇಪ್ಪತ್ತಾರು ವರ್ಷ ಈ ಕಿಟಕಿಯ ಮುಂದೆ ಹಾದುಹೋದವರು
ಒಳಗೆ ಕಾಲಿಟ್ಟದ್ದು ಇದೇ ಮೊದಲು.
ಕ್ಯಾಮೆರಾ ಇತ್ತು, ಕನ್ನಡಿಯಿಲ್ಲದ್ದು, ಅಂಗೈಯಗಲದ್ದು.
ದಿನವಿಡೀ ಕನ್ನಡಿ ನೋಡುವ ಕೆಲಸ,
ಇದರಲ್ಲಾದರೂ ಬೇಡ ಅನ್ನಿಸಿತಂತೆ.
"ದಿನಾ ಜೊತೆಗಿರುವಂಥ ಒಂದು ಝೂಮ್ ಬೇಕು."
"ದಿನಾ ಏನು ತೆಗೀತೀರಿ?"
ಒಲೆಯ ಮೇಲಿನ ಕೆಟಲ್ ಕುದಿಯುವವರೆಗೆ ಯೋಚಿಸಿ
"ದಿನಾನೇ," ಅಂದರು.

ಹಸಿರು ಬಟ್ಟೆ ಹಾಸಿ ಮೂರನ್ನಿಟ್ಟೆ,
ಪಕ್ಕದಲ್ಲಿ ಅಡುಗೆಮನೆಯ ತಕ್ಕಡಿ.

ಮೊದಲನೆಯದು ದೊರೆಮಗ. ಎರಡು ಪಾಯಿಂಟ್ ಎಂಟು.
ಎಂಟುನೂರು ಗ್ರಾಮಿಗೂ ಮುಳ್ಳು ನಿಲ್ಲಲಿಲ್ಲ.
ಕತ್ತಲಲ್ಲೂ ಕಣ್ಣರಳಿಸಿ ಕೂತಿರುತ್ತದೆ, ಸುಳ್ಳಲ್ಲ.
ಆದರೆ ಇದನ್ನು ಹೊತ್ತವರು
ಫೋಟೊಕ್ಕೆಂದೇ ಮನೆಯಿಂದ ಹೊರಡಬೇಕು.
ಮೀನು ತರಲು ಹೋದವರ ಕೊರಳಿಗಲ್ಲ ಇದು.

ಎರಡನೆಯದು ಹಪ್ಪಳದಷ್ಟು ತೆಳು. ಸದಾ ನಿದ್ದೆ.
ತಿರುಚಿ ಎಬ್ಬಿಸಿದರೆ ಮಾತ್ರ ನೋಡುತ್ತದೆ,
ಅಷ್ಟರಲ್ಲಿ ಕಡಲಹಕ್ಕಿ ಕಂಬ ಬಿಟ್ಟಿರುತ್ತದೆ.
ಶುರುವಾಗುವುದೂ ಇಪ್ಪತ್ತೆಂಟಕ್ಕೆ, ಇಪ್ಪತ್ನಾಲ್ಕಕ್ಕಲ್ಲ.
ನಾಲ್ಕೇ ತಾನೆ ಅನ್ನಬೇಡಿ:
ಇಕ್ಕಟ್ಟಿನ ಮನೆಯಲ್ಲಿ ಊಟಕ್ಕೆ ಕೂತಾಗ
ತುದಿಯಲ್ಲಿರುವ ಅತ್ತಿಗೆಯ ಮೊಣಕೈ, ಬಟ್ಟಲು, ಅರ್ಧ ನಗು
ಆ ನಾಲ್ಕರೊಳಗಿರುತ್ತವೆ.

ಮೂರನೆಯದಕ್ಕೆ ಹೇಳಿಕೊಳ್ಳುವ ಗುಣವಿಲ್ಲ.
ಇಪ್ಪತ್ನಾಲ್ಕರಿಂದ ಅರವತ್ತು. ಮುನ್ನೂರ ನಲವತ್ತು ಗ್ರಾಂ.
ಸಂಜೆಯಾದರೆ ತುಸು ತಡವರಿಸುತ್ತದೆ.
ಉಂಗುರದ ರಬ್ಬರ್ ಯಾರದೋ ಹೆಬ್ಬೆರಳಿಗೆ ಸವೆದಿದೆ.

ಅವರು ಒಂದರೊಳಗೂ ಕಣ್ಣಿಡಲಿಲ್ಲ.
ಒಂದೊಂದನ್ನೇ ಕೋಟಿನ ಬಲಜೇಬಿಗಿಳಿಸಿ
ಕೂತರು, ಎದ್ದರು, ಮತ್ತೆ ಕೂತು
ಇಲ್ಲದ ಬ್ರೇಕನ್ನು ನಿಧಾನ ತಿರುಗಿಸಿದರು.
ಹಾಸಿಗೆಯಿದ್ದಷ್ಟು ಕಾಲು ಚಾಚು ಅನ್ನುತ್ತಾರೆ;
ಜೇಬಿದ್ದಷ್ಟು ಕಣ್ಣು, ಇವರ ಲೆಕ್ಕ.
ದೊರೆಮಗ ಜೇಬಿನ ಬಾಯಲ್ಲೇ ಸಿಕ್ಕಿಕೊಂಡ.

"ಮೂರನೆಯದನ್ನು ಒಯ್ಯಿರಿ, ಒಂದು ಗಂಟೆ.
ಠೇವಣಿ ಬೇಡ,
ನೀವು ಹಳಿ ಬಿಟ್ಟು ಓಡಿಹೋಗುವವರಲ್ಲ."
ನಗಲಿಲ್ಲ. ಬಾಗಿ ವಂದಿಸಿ ಹೋದರು.

ಬಂದಾಗ ಟೋಪಿಯ ತುಂಬ ಹಿಮ, ಒಳಗೆ ನಲವತ್ತೊಂದು ಚಿತ್ರ.
ನಾನು ಚಿತ್ರ ನೋಡುವ ಮೊದಲು ಅಂಕಿ ನೋಡುತ್ತೇನೆ.
ಇಪ್ಪತ್ನಾಲ್ಕು: ಬಂದರಿಗಿಳಿಯುವ ಇಳಿಜಾರು.
ಇಪ್ಪತ್ನಾಲ್ಕು: ಅದೇ ಇಳಿಜಾರು, ಜಾರಿದ ಹುಡುಗನ ಸಮೇತ.
ಅರವತ್ತು: ದೋಣಿಯ ಬಲ್ಬು.
ಅರವತ್ತು: ನಾಯಿಯ ಮೀಸೆಯಲ್ಲಿ ಮಂಜು.
ಎಲ್ಲರೂ ಹೀಗೇ. ಝೂಮ್ ಕೊಂಡವರು
ಎರಡು ತುದಿಗಳಲ್ಲೇ ಬಾಳುತ್ತಾರೆ,
ನಡುವಿನ ನಿಲ್ದಾಣಗಳಿಗೂ ಟಿಕೆಟ್ ತೆತ್ತು
ಅಲ್ಲಿ ಇಳಿಯುವುದೇ ಇಲ್ಲ.

ಒಂದೇ ಒಂದು, ಮೂವತ್ತೇಳು.
ಹಿಮದೊಳಗಿಂದ ಬರುತ್ತಿರುವ ಟ್ರಾಮ್.
ಗಾಜಿನ ಹಿಂದೆ ಇವರೇ ಕಲಿಸಿದ ಹುಡುಗಿ, ಮಿಸಾಒ,
ಬಿಳಿ ಕೈಗವಸು, ಬಿಗಿದ ತುಟಿ.

"ಇದೇಕೆ ಮೂವತ್ತೇಳು?"
"ಹಿಂದೆ ಸರಿದರೆ ಮೀನಂಗಡಿಯ ಗೋಡೆ.
ಮುಂದೆ ಹೋದರೆ ಹಳಿ.
ಅಲ್ಲಿ ನಿಂತವರಿಗೆ ದಿನಾ ಗಂಟೆ ಬಾರಿಸುವವನು ನಾನು.
ಅದಕ್ಕೇ ನಿಂತಲ್ಲೇ ನಿಂತು ಉಂಗುರ ತಿರುಗಿಸಿದೆ,
ಇಡೀ ಬಂಡಿ ಒಳಗೆ ಬಂದು ನಿಲ್ಲುವ ತನಕ."
ಆಮೇಲೆ, ದುಡ್ಡು ಎಣಿಸುತ್ತ, ನೋಟುಗಳಿಗೆ ಹೇಳುವ ಹಾಗೆ:
"ಹೊರಗಿನಿಂದ ಹೀಗೆ ಕಾಣುತ್ತದೆಂದು ಗೊತ್ತಿರಲಿಲ್ಲ."

ಹುಡ್ ಕೊಡಲು ಹೋದೆ. ಬೇಡ, ಜೇಬು ಹಿಡಿಯುವುದಿಲ್ಲ.

ಮರುದಿನ ಏಳು ಹನ್ನೆರಡರ ಟ್ರಾಮ್.
ಬಲಜೇಬು ಉಬ್ಬಿತ್ತು.
ಈ ಕಡೆ ತಿರುಗಲಿಲ್ಲ, ಓಡಿಸುವಾಗ ತಿರುಗಬಾರದು.
ನಾನು ಬಾಗಿಲಿಂದ ಒಂದು ಹೆಜ್ಜೆ ಹಿಂದೆ ಸರಿದೆ,
ಇನ್ನೊಂದು, ಬೆನ್ನಿಗೆ ಕಪಾಟು ತಾಗುವವರೆಗೆ.
ಆದರೂ ಅರ್ಧ ಟ್ರಾಮೇ ಕಂಡದ್ದು.