ಕುಲಾವಿ

ಬಾರಿಯೋಸ್ ಆಲ್ಟೋಸ್, ಮೂರನೇ ಅಂತಸ್ತು. ಜೂನ್ ತಿಂಗಳು.
ಮಳೆಯೂ ಅಲ್ಲದ ಮಂಜೂ ಅಲ್ಲದ ಲಿಮಾದ ಒದ್ದೆ
ಕಿಟಕಿಗೆ ಮೂಗೊತ್ತಿ ನಿಂತಿದೆ.
ಸೂಜಿಗೆ ಜರಿ ಪೋಣಿಸುತ್ತಿದ್ದೇನೆ, ಮೂರನೇ ಸಲ.
ಕಣ್ಣು ಮೊದಲಿನಂತಿಲ್ಲ.

ಐವರು ಅಧ್ಯಕ್ಷರ ಎದೆಪಟ್ಟಿಗೆ ಕಸೂತಿ ಹಾಕಿದ ಕೈ ಇದು.
ಒಬ್ಬರ ಮುಖವನ್ನೂ ನೋಡಿಲ್ಲ.
ಚೀಟಿಯಲ್ಲಿ ಅಳತೆ ಬರುತ್ತದೆ, ಭುಜದಿಂದ ಸೊಂಟಕ್ಕೆ ಇಷ್ಟು ಅಂತ.
ಒಬ್ಬನಿಗೆ ಹೊಟ್ಟೆ, ಒಬ್ಬನಿಗೆ ಸಣ್ಣ ಗೂನು,
ಒಬ್ಬ ಎಷ್ಟು ಬೇಗ ಹೋದನೆಂದರೆ
ನನ್ನ ಬಿಲ್ಲು ಇನ್ನೂ ಅರಮನೆಯ ಯಾವುದೋ ಮೇಜಿನ ಮೇಲಿದೆ.

ತಂಗಿಯ ಮಗ ವಿಲ್ಮೆರ್ ಸಾಲ ಕೇಳಲು ಬಂದ.
ಕೆಂಪು ಬಿಳಿ ಕೆಂಪು ರೇಷ್ಮೆ ಕಂಡ,
ಸಾಲ ಮರೆತ.
"ಯಾರಿಗೆ, ದೊಡ್ಡಮ್ಮ?"
ಹೇಳೋಣವೆಂದರೆ ಬಾಯಿ ತುಂಬ ಗುಂಡುಸೂಜಿ.

ಅವನ ಫೋನಿನೊಳಗೊಂದು ಸಂತೆ. ಅಲ್ಲಿ
ಈರುಳ್ಳಿಯಲ್ಲ, ನಾಳೆಗಳನ್ನು ಮಾರುತ್ತಾರೆ:
ಜುಲೈ ಮುಗಿಯುವುದರೊಳಗೆ ಅಧ್ಯಕ್ಷರು ಇಳಿಯುತ್ತಾರೆಯೇ?
ಹೌದಿಗೆ ಹನ್ನೊಂದು ಸೆಂಟು, ಇಲ್ಲಕ್ಕೆ ಎಂಬತ್ತೊಂಬತ್ತು.
ಇಳಿದರೆ ಹೌದಿಗೆ ಪೂರ್ತಿ ಡಾಲರು,
ಇಳಿಯದಿದ್ದರೆ ಕೈಗೆ ಚಿಪ್ಪು.

ಮೋಟಾರ್‌ಸೈಕಲ್ ಮಾರಿ ಹೌದು ಕೊಂಡ.
ಕೊಂಡವನು ಸುಮ್ಮನಿರಬೇಕಲ್ಲ, ಬಾಯಿ.
ಗೆಳೆಯನಿಗೆ ಹೇಳಿದ, ಗೆಳೆಯ ತನ್ನ ಮೈದುನನಿಗೆ,
ಮೈದುನ ಪಾರ್ಲಿಮೆಂಟಿನಲ್ಲಿ ಕಾಫಿ ಹಂಚುವವನು.
"ಮುದುಕಿ ಹೊಸ ಪಟ್ಟಿ ಹೊಲಿಯುತ್ತಿದ್ದಾಳೆ."
ಹತ್ತೊಂಬತ್ತು. ಮೂವತ್ತನಾಲ್ಕು.
ಓಸ್ಲೋದಲ್ಲೋ ಸಿಂಗಪುರದಲ್ಲೋ
ನಮ್ಮ ಓಣಿಯ ಹೆಸರು ಹೇಳಲು ನಾಲಿಗೆ ಹೊರಳದವನೊಬ್ಬ
ಏರುತ್ತಿರುವುದನ್ನು ಕಂಡು ತಾನೂ ಕೊಂಡ. ಐವತ್ತೆಂಟು.
ಐವತ್ತೆಂಟು ಕಂಡು ಗಣಿ ಮಂತ್ರಿಗೆ ಎದೆನೋವು, ರಾಜೀನಾಮೆ.
ಎಪ್ಪತ್ತಕ್ಕೆ ಮಿತ್ರಪಕ್ಷಕ್ಕೆ ಆತ್ಮಸಾಕ್ಷಿ ಬಂತು.
ತೊಂಬತ್ತೊಂದಕ್ಕೆ ಸೇನಾಪತಿ ಫೋನೆತ್ತಲಿಲ್ಲ.
ಮಂಗಳವಾರ ಮಧ್ಯರಾತ್ರಿ ಮತ ಎಣಿಸಿದರು.
ಅಷ್ಟೆ.

ಸೂಜಿ ಉಗುಳಿ ನಾನು ಹೇಳಬೇಕೆಂದಿದ್ದು ಇಷ್ಟು, ವಿಲ್ಮೆರ್:
ಅದು ಅನೈಸ್‌ಗೆ. ಕೆಳಮನೆಯ ಹುಡುಗಿ, ಎರಡನೇ ಕ್ಲಾಸು.
ಶಾಲೆಯ ನಾಟಕದಲ್ಲಿ ಅವಳು ಗಣರಾಜ್ಯ.
ಒಂದೇ ಮಾತು ಅವಳದ್ದು: "ನಾನು ಎಲ್ಲರವಳು."
ಅದನ್ನೂ ಮರೆಯುತ್ತಾಳೆ.
ನಾಲ್ಕು ಗೇಣಿನ ಪಟ್ಟಿಯೊಳಗೆ
ಯಾವ ಅಧ್ಯಕ್ಷ ಹಿಡಿಸುತ್ತಾನೋ, ದಡ್ಡ?

ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಗುತ್ತಾರೆ.
ಇಲ್ಲಿ ಕುಲಾವಿ ಕಂಡೇ ಬಸಿರಾಯಿತು,
ಹೆರಿಗೆಯೂ ಆಯಿತು.

ಬುಧವಾರ ಬೆಳಗಿನ ನಾಲ್ಕಕ್ಕೆ ಬಾಗಿಲು ಬಡಿದರು.
ಹಳಬ ಪಟ್ಟಿಯನ್ನು ಬಿಚ್ಚದೆ, ಮೇಲೆ ಕೋಟು ತೊಟ್ಟು
ಹಾಗೇ ಹೊರಟುಹೋಗಿದ್ದನಂತೆ.
ಒಂಬತ್ತಕ್ಕೆ ಪ್ರಮಾಣವಚನ.
"ಹೊಸದು ಎಲ್ಲಿ? ಹೊಲಿದಾಗಿದೆಯಲ್ಲ, ಊರಿಗೇ ಗೊತ್ತು."
ತೋರಿಸಿದೆ.
ಬಂದವನು ಅದನ್ನು ದೀಪಕ್ಕೆ ಎತ್ತಿ ಹಿಡಿದು
ತುಂಬ ಹೊತ್ತು ನೋಡಿದ.
"ತುಂಡು ಸೇರಿಸಿ" ಅಂದ.

ಸೇರಿಸಿದೆ. ಬೆನ್ನಿಗೊಂದು, ಕಂಕುಳ ಕೆಳಗೊಂದು,
ಕುಚ್ಚಿನ ಹತ್ತಿರ ರೇಷ್ಮೆ ಸಾಲದೆ
ಮನೆಯ ಪರದೆಯನ್ನೇ ಕತ್ತರಿಸಿದೆ.
ಟೀವಿಯಲ್ಲಿ ಚೆನ್ನಾಗಿಯೇ ಕಂಡಿತು.
ಅನೈಸ್‌ಗೆ ಬಣ್ಣದ ಕಾಗದದ್ದು ಅಂಟಿಸಿ ಕೊಟ್ಟೆ.
ಮಾತು ಮರೆಯಲಿಲ್ಲ ಹುಡುಗಿ, ಎರಡು ಸಲ ಹೇಳಿದಳು.

ವಿಲ್ಮೆರ್ ಹೊಸ ಗಾಡಿಯಲ್ಲಿ ಬಂದ, ಭಾನುವಾರ, ಸುಟ್ಟ ಕೋಳಿ ತಂದ.
ಎಣ್ಣೆಬೆರಳಲ್ಲೇ ಫೋನು ಒರೆಸಿ ಕೇಳಿದ:
"ಇವರು ಡಿಸೆಂಬರಿನೊಳಗೆ ಇಳೀತಾರಾ, ದೊಡ್ಡಮ್ಮ?
ಹೌದಿಗೆ ಬರೀ ಒಂಬತ್ತು."

ಆ ರಾತ್ರಿಯ ಅವಸರದಲ್ಲಿ
ಕಂಕುಳ ಹೊಲಿಗೆಗೆ ಕೊನೆಯ ಗಂಟು ಹಾಕಿದೆನೋ ಇಲ್ಲವೋ,
ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.
ಕೋಳಿಯ ತಟ್ಟೆ ಪಕ್ಕಕ್ಕಿಟ್ಟು
ನಾಲ್ಕು ಗುಂಡುಸೂಜಿ ಬಾಯಿಗೆ ಹಾಕಿಕೊಂಡೆ.